ಹದಿನೇಳನೆಯ ಪೋರ್ಟು

ಕಾಶಪ್ಪನ ಬಲಗೈ ಬೆಂಚ್ ವೈಸ್‌ನಲ್ಲಿತ್ತು.

ಕಬ್ಬಿಣದ ತುಂಡು ಹಿಡಿದಿಡುವ ಆ ಎರಡು ದವಡೆಗಳ ನಡುವೆ ಮನುಷ್ಯನ ಕೈ! ಹಿಡಿಕೆ ತಿರುಗಿಸುತ್ತಿದ್ದವನು ಫ್ಯಾಕ್ಟರಿಯ ವಾಚ್‌ಮನ್ ತನಿಯಪ್ಪ. ಕರಾವಳಿಯವನು. ಆರಡಿ ಆಳು. ಕುತ್ತಿಗೆಯೇ ಇಲ್ಲ.

"ಇನ್ನೊಂದು ಸುತ್ತು ತಿರುಗಿಸಿದ್ರೆ ಎಲುಬು ಹೋಗ್ತದೆ ಮಾರಾಯ! ಹೇಳು. ಡ್ರಾಯಿಂಗ್ ಯಾರಿಗೆ ಕೊಟ್ಟದ್ದು?"

"ನನಗೇನೂ ಗೊತ್ತಿಲ್ರೀ... ಎಲ್ಲಮ್ಮನ ಆಣಿ!"

ನಾನು ಬಾಗಿಲಲ್ಲಿ ನಿಂತೇ ಕೇಳಿದೆ.

"ತನಿಯಪ್ಪ, ಇವತ್ತು ಯಾವ ದಿನ?"

ಅವನು ತಿರುಗಿದ. "ಎಂಥದು ಮೇಡಂ?"

"ಇವತ್ತು ಖಂಡೇನವಮಿ. ಆ ವೈಸ್‌ಗೆ ಹಾರ ಹಾಕಿದ್ದಾರೆ. ಕುಂಕುಮ ಹಚ್ಚಿದ್ದಾರೆ. ಪೂಜೆಗೆ ಕೂತ ಆಯುಧಕ್ಕೆ ಮನುಷ್ಯನ ರಕ್ತ ಕುಡಿಸ್ತಿದ್ದೀಯಲ್ಲ... ನಿಮ್ಮೂರಿನ ದೈವ ಸುಮ್ಮನೆ ಬಿಡ್ತದಾ?"

ತನಿಯಪ್ಪನ ಕೈ ಹಿಡಿಕೆಯ ಮೇಲೇ ನಿಂತಿತು. ಹಾರ ನೋಡಿದ. ನನ್ನನ್ನು ನೋಡಿದ. ಆಮೇಲೆ ಹಿಡಿಕೆಯನ್ನು ಸರಸರನೆ ಹಿಂದಕ್ಕೆ ತಿರುಗಿಸಿದ.

"ಸಾಹೇಬ್ರೇ ಹೇಳಿದ್ದು. ಬಾಯಿ ಬಿಡಿಸು ಅಂತ..."

ಕಾಶಪ್ಪ ಕೈಯನ್ನು ಎದೆಗೆ ಅವುಚಿಕೊಂಡು ನೆಲಕ್ಕೆ ಕುಸಿದ. ಬೆರಳುಗಳು ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು.

ಮೊದಲು ನಾನು ಯಾರು ಅಂತ ಕೇಳಿ. ಹೆಸರು ಇಂದೂ. ಮೂಲ ವಿಜಾಪುರ, ಹುಟ್ಟಿದ್ದು ಬೆಳೆದದ್ದು ಪುಣೆ. ಕೊಂಢವಾದಲ್ಲಿ ಒಂದೂವರೆ ಕೋಣೆಯ ಆಫೀಸು. ಆಫೀಸುಗಳಿಗೆ, ಫ್ಯಾಕ್ಟರಿಗಳಿಗೆ ಕಂಪ್ಯೂಟರ್ ನೆಟ್‌ವರ್ಕ್ ಎಳೆಯುವುದು ನನ್ನ ಕೆಲಸ. ಆ ತಂತಿಯಲ್ಲಿ ಯಾರಾದರೂ ಕನ್ನ ಹಾಕಿದರೆ ಹಿಡಿಯುವುದೂ ನನ್ನದೇ. ಗಂಡಸರು ಮಾಡುವ ಕೆಲಸ ಅಂತ ಮೂಗು ಮುರಿಯುವವರು ಇದ್ದರು. ಸಿಸ್ಟಮ್ ಕೈಕೊಟ್ಟ ದಿನ ಅವರೇ ಮೊದಲು ಫೋನ್ ಮಾಡುತ್ತಿದ್ದರು!

ಕಾಶಪ್ಪ ನನ್ನ ಮನುಷ್ಯ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನನ್ನು ನಾನೇ ಕೇಬಲ್ ಎಳೆಯುವುದಕ್ಕೆ ಹಚ್ಚಿದ್ದೆ. ಫಾಲ್ಸ್ ಸೀಲಿಂಗ್ ಒಳಗೆ ಬೆಕ್ಕಿನಂತೆ ಓಡಾಡುತ್ತಿದ್ದ. ಈ ಭೋಸರಿ ಫ್ಯಾಕ್ಟರಿಗೆ ಎರಡು ವರ್ಷದ ಹಿಂದೆ ಇಡೀ ನೆಟ್‌ವರ್ಕ್ ಎಳೆದವರು ನಾವಿಬ್ಬರೇ. ಆಮೇಲೂ ಅದನ್ನು ನೋಡಿಕೊಳ್ಳಲು ಅವನು ವಾರಕ್ಕೊಮ್ಮೆ ಬರುತ್ತಿದ್ದ.

ಅದು ಎರಡು ಸಾವಿರದ ಐದು. ಕಾರಿನ ಬಿಡಿಭಾಗ ಒತ್ತುವ ಡೈ, ಅಂದರೆ ಅಚ್ಚು, ತಯಾರಿಸುವ ಫ್ಯಾಕ್ಟರಿ. ಡ್ರಾಯಿಂಗ್ ಇವರದು... ಮಾಲು ಮಾತ್ರ ಮೊದಲು ಬರುತ್ತಿದ್ದದ್ದು ರಾಂಜಣಗಾಂವದ ಇನ್ನೊಂದು ಕಂಪನಿಯಿಂದ! ಆರು ತಿಂಗಳಲ್ಲಿ ಮೂರು ಸಲ ಹೀಗಾಗಿತ್ತು. ಹಿಂದಿನ ಸಂಜೆ ಗೇಟಿನಲ್ಲಿ ಕಾಶಪ್ಪನ ಚೀಲ ತಪಾಸಣೆ ಮಾಡಿದರು. ಒಳಗೆ ನೀಲಿ ನೆಟ್‌ವರ್ಕ್ ಕೇಬಲಿನ ಒಂದು ಸುರುಳಿ. ಉಳಿದ ತುಂಡು, ಬಟ್ಟೆ ಒಣಹಾಕಲು ಒಯ್ಯಿ ಅಂತ ನಾನೇ ಹೇಳಿದ್ದೆ. ಭೋಸರಿಯ ಅರ್ಧ ಗುಡಿಸಲುಗಳಲ್ಲಿ ಸೀರೆ ಒಣಗುವುದು ಆ ನೀಲಿ ಕೇಬಲಿನ ಮೇಲೇ. ಹೇಳಿದರೆ ಯಾರು ಕೇಳಬೇಕು?

ಮಾಲೀಕ ಸ್ವಪ್ನಿಲ್ ಸಾಹೇಬರು ಬಂದರು. ಮೂವತ್ತರ ಹರೆಯ. ರೇಷ್ಮೆ ಕುರ್ತಾ, ಹಣೆಗೆ ಕುಂಕುಮ. ಅವರ ಮಾತೆಲ್ಲ ಮರಾಠಿ. ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಇಂದೂ ಮೇಡಂ, ಪೊಲೀಸರಿಗೆ ಫೋನ್ ಮಾಡಿದ್ದೀನಿ. ಹನ್ನೆರಡೂವರೆಗೆ ಜೀಪು ಬರುತ್ತೆ. ಇವನನ್ನು ಒಪ್ಪಿಸ್ತೀನಿ."

"ಸಾಕ್ಷಿ?"

"ಸೀಲಿಂಗ್ ಒಳಗೆ ಹೋಗೋನು ಇವನೊಬ್ಬನೇ."

"ಚೀಲದಲ್ಲಿ ಸಿಕ್ಕಿದ್ದು ಬಟ್ಟೆ ಒಣಹಾಕೋ ತಂತಿ. ಕಳುವಾಗಿದ್ದು ಡ್ರಾಯಿಂಗ್!"

"ಅದನ್ನು ಪೊಲೀಸರಿಗೆ ಹೇಳಿ."

ಗಡಿಯಾರದಲ್ಲಿ ಹನ್ನೊಂದು ಹತ್ತು. ಸ್ಟೇಷನ್ನಿಗೆ ಒಮ್ಮೆ ಹೋದರೆ ಕಾಶಪ್ಪನಂಥವನು ಯಾವುದಕ್ಕೆ ಬೇಕಾದರೂ ಹೆಬ್ಬೆಟ್ಟು ಒತ್ತುತ್ತಾನೆ. ಒತ್ತಿಸುತ್ತಾರೆ! ಅವನ ಹೆಂಡತಿ ತಿಪ್ಪವ್ವ ಗೇಟಿನ ಹೊರಗೆ ಮಣ್ಣಿನಲ್ಲಿ ಕೂತಿದ್ದನ್ನು ನಾನು ಬರುವಾಗಲೇ ನೋಡಿದ್ದೆ.

"ಜೀಪು ಬರೋವರೆಗೂ ಟೈಮ್ ಕೊಡಿ. ಕಾಶಪ್ಪ ನನ್ನ ಜೊತೆ ಇರಬೇಕು."

ಸಾಹೇಬರು ಯೋಚಿಸುತ್ತಿದ್ದಾಗ ಸ್ಟೋರ್ ಕೀಪರ್ ಸಿದ್ದಲಿಂಗಪ್ಪ ಬಂದರು. ನಮ್ಮ ಕಡೆಯವರೇ. ನನ್ನ ಅಪ್ಪನ ಗೆಳೆಯರು. ಈ ಕಾಂಟ್ರ್ಯಾಕ್ಟ್ ನನಗೆ ಕೊಡಿಸಿದವರೇ ಅವರು. ನಾನು ಕಾಕಾ ಅಂತಲೇ ಕರೆಯುತ್ತಿದ್ದದ್ದು. ಕೈಯಲ್ಲಿ ವಿಭೂತಿ ತಟ್ಟೆ. ಪ್ರೆಸ್ ಮಷೀನಿನಲ್ಲಿದ್ದಾಗ ಬಲಗೈಯ ನಡುಬೆರಳು ಬುಡದ ತನಕ ಹೋಗಿತ್ತು. ಅಂದಿನಿಂದ ಸ್ಟೋರು.

"ಕೊಡ್ರಿ ಸಾಹೇಬ್ರ, ಒಂದ ತಾಸು. ನಮ್ಮ ಹುಡುಗಿ ಭಾಳ ಶಾಣ್ಯಾ ಇದ್ದಾಳ," ಅಂದರು ಕಾಕಾ. ನನಗೆ ಕಣ್ಣು ತುಂಬಿ ಬಂತು. ಅವತ್ತು ನನ್ನಷ್ಟು ಪೆದ್ದಿ ಪುಣೆಯಲ್ಲಿ ಇನ್ನೊಬ್ಬಳಿರಲಿಲ್ಲ.

"ತನಿಯಪ್ಪ ಜೊತೆಗಿರ್ತಾನೆ," ಅಂದರು ಸಾಹೇಬರು.

ಕಂಪ್ಯೂಟರ್ ರೂಮಿಗೆ ಓಡಿದೆವು.

ಹಬ್ಬಕ್ಕೆ ಇಡೀ ಫ್ಯಾಕ್ಟರಿಯ ಮೇನ್ ಆಫ್ ಮಾಡಿದ್ದರು. ಮಷೀನಿಗೆ ವರ್ಷಕ್ಕೊಂದು ದಿನ ವಿಶ್ರಾಂತಿ. ಲೇತಿನಿಂದ ಟೈಪ್‌ರೈಟರ್ ತನಕ ಎಲ್ಲಕ್ಕೂ ಹಾರ. ರೂಮಿನಲ್ಲಿ ಕತ್ತಲು. ಮೂಲೆಯಲ್ಲಿ ಯುಪಿಎಸ್ ಮಾತ್ರ ಪೀಂ... ಪೀಂ... ಅಂತ ಅರಚುತ್ತಿತ್ತು. ಬ್ಯಾಟರಿ ಮುಗಿಯುವ ಸದ್ದು ಅದು.

ಆ ಬ್ಯಾಟರಿಯ ಮೇಲೆ ಉಸಿರಾಡುತ್ತಿದ್ದದ್ದು ನನ್ನ ಸ್ವಿಚ್ಚು.

ಸ್ವಿಚ್ಚು ಅಂದರೆ ಲೈಟಿನದಲ್ಲ. ಮನೆಯ ವಿಸಿಆರ್‌ನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಮುಂದೆ ಎರಡು ಸಾಲಿನಲ್ಲಿ ಇಪ್ಪತ್ತನಾಲ್ಕು ಪೋರ್ಟು. ಫ್ಯಾಕ್ಟರಿಯ ಒಂದೊಂದು ಕಂಪ್ಯೂಟರಿನ ಕೇಬಲೂ ಒಂದೊಂದು ಪೋರ್ಟಿಗೆ. ಪ್ರತಿ ಪೋರ್ಟಿಗೂ ಒಂದು ಪುಟ್ಟ ಹಸಿರು ದೀಪ. ಆ ತುದಿಯ ಕಂಪ್ಯೂಟರ್ ಜೀವಂತವಿದ್ದರೆ ಈ ತುದಿಯ ದೀಪ ಉರಿಯುತ್ತದೆ. ಬಲಗಡೆ ಫೈಬರ್ ಕೇಬಲಿಗೆ ಎರಡು ಕಿಂಡಿ. ಹಿಂದುಗಡೆ ಕನ್ಸೋಲ್ ಪೋರ್ಟು. ಅದು ಸ್ವಿಚ್ಚಿನ ಕಿವಿ. ಅಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ ಹೇಳಿದ್ದನ್ನು ಅದು ಕೇಳುತ್ತದೆ. ಸಾದಾ ಸ್ವಿಚ್ಚು ಬಂದದ್ದನ್ನು ಆಚೆ ದಾಟಿಸುತ್ತದೆ, ಅಷ್ಟೇ. ಇದು ಮ್ಯಾನೇಜ್ಡ್ ಸ್ವಿಚ್ಚು. ಹೇಳಿದ ಹಾಗೆ ಕೇಳುವ ಜಾತಿ.

ಯಾರು ಹೇಳಿದರೂ!

ಎಲ್ಲ ಕಂಪ್ಯೂಟರೂ ಆಫ್. ಅಂದಮೇಲೆ ಎಲ್ಲ ದೀಪಗಳೂ ಆರಿರಬೇಕು.

ಒಂದು, ಎರಡು, ಮೂರು... ಆರಿದ್ದವು. ಹತ್ತು, ಹನ್ನೊಂದು... ಆರಿದ್ದವು.

ಹದಿನೇಳು ಉರಿಯುತ್ತಿತ್ತು.

"ಕಾಶಪ್ಪ, ಹದಿನೇಳಕ್ಕೆ ನಾವು ಕೇಬಲ್ ಕೊಟ್ಟಿದ್ವಾ?"

"ಇಲ್ರೀ ಅಕ್ಕಾರ. ಹದಿನಾರಕ್ಕ ಮುಗೀತು. ಮುಂದಿನವು ಕ್ಯಾಮೆರಾಕ್ಕಂತ ಖಾಲಿ ಬಿಟ್ಟೇವ್ರಿ."

ಹದಿನೇಳರಿಂದ ಇಪ್ಪತ್ತನಾಲ್ಕರವರೆಗಿನ ಪೋರ್ಟುಗಳು ಕೇಬಲಿನಲ್ಲೇ ಕರೆಂಟನ್ನೂ ಕಳಿಸುತ್ತವೆ. ಕ್ಯಾಮೆರಾ ಹಾಕಿದಾಗ ಬೇರೆ ವೈರಿಂಗ್ ಬೇಡ ಅಂತ ಆ ದುಬಾರಿ ಮಾಡೆಲ್ ತರಿಸಿದ್ದು ನಾನೇ. ಯಾರೋ ಆ ಕರೆಂಟನ್ನು ಕುಡಿಯುತ್ತಿದ್ದರು. ಅದಕ್ಕೇ ಮೇನ್ ಆಫ್ ಆದರೂ ಅವರ ಯಂತ್ರ ಬದುಕಿತ್ತು!

ಲ್ಯಾಪ್‌ಟಾಪನ್ನು ಕನ್ಸೋಲಿಗೆ ಸಿಕ್ಕಿಸಿದೆ. ಪಾಸ್‌ವರ್ಡ್ ಹೊಡೆದೆ. ಕಂಪನಿಯಿಂದ ಬರುವಾಗ ಏನಿತ್ತೋ ಅದೇ. ಎರಡು ವರ್ಷದಿಂದ ಬದಲಾಯಿಸದೆ ಬಿಟ್ಟವಳು ನಾನು. ಯಾರು ಬರುತ್ತಾರೆ ಅನ್ನುವ ಸೋಮಾರಿತನ. ಆ ಸೋಮಾರಿತನದ ಬೆಲೆಯನ್ನು ಕಾಶಪ್ಪ ತನ್ನ ಕೈಯಿಂದ ತೆತ್ತಿದ್ದ.

ಸ್ಕ್ರೀನಿನ ಮೇಲೆ ಒಂದೇ ಸಾಲು. ನಾಲ್ಕನೆಯ ಪೋರ್ಟಿನಲ್ಲಿ ಹೋಗಿಬರುವ ಪ್ರತಿಯೊಂದರ ನಕಲು ಹದಿನೇಳಕ್ಕೆ.

ನಾಲ್ಕು ಅಂದರೆ ಡಿಸೈನ್ ಡಿಪಾರ್ಟ್‌ಮೆಂಟಿನ ಸರ್ವರ್. ಎಲ್ಲ ಡ್ರಾಯಿಂಗುಗಳ ತಿಜೋರಿ!

"ಕಾಶಪ್ಪ, ಒಂದೇ ಕೈಯಲ್ಲಿ ಸೀಲಿಂಗ್ ಹತ್ತಕ್ಕಾಗುತ್ತಾ?"

"ಹತ್ತಬೇಕಲ್ರೀ," ಅಂದ.

ಅವನು ಮೇಜು ಹತ್ತಿ ಮೇಲಿನ ಹಲಗೆ ಸರಿಸಿ ಒಳಗೆ ತೂರಿಕೊಂಡ. ಹದಿನೇಳನೆಯ ಕೇಬಲನ್ನು ಹಿಡಿದು ಶೆಡ್ಡಿನ ಕಬ್ಬಿಣದ ಆಂಗಲ್ ಮೇಲೆ ತೆವಳುತ್ತಾ ಹೋಗಬೇಕು. ನಾನು ತನಿಯಪ್ಪನಿಂದ ಏಣಿ ಹೊರಿಸಿಕೊಂಡು ಕೆಳಗಿನಿಂದ ಸದ್ದು ಹಿಂಬಾಲಿಸಿದೆ. ಟಕ್... ಟಕ್... ಪ್ಯಾಸೇಜ್ ದಾಟಿತು. ಅಕೌಂಟ್ಸ್ ದಾಟಿತು.

ಸ್ಟೋರ್ ಬಾಗಿಲಿನ ಹತ್ತಿರ ಕಾಶಪ್ಪನ ಪಿಸುಮಾತು ಮೇಲಿನಿಂದ ಬಂತು.

"ಅಕ್ಕಾರ... ಕೇಬಲ್ ಸ್ಟೋರಿನ ಮ್ಯಾಲೆ ಇಳದದ ನೋಡ್ರಿ."

ಸ್ಟೋರಿನಲ್ಲಿ ಯಾರೂ ಇರಲಿಲ್ಲ. ಏಣಿ ಇಡಿಸಿದೆ. ಹತ್ತಿ, ಹಲಗೆ ಎತ್ತಿ, ತಲೆ ಒಳಗೆ ಹಾಕಿ ಟಾರ್ಚ್ ಬಿಟ್ಟೆ.

ಆಂಗಲ್ ಮೇಲೆ ಊಟದ ಡಬ್ಬಿಯಷ್ಟು ಕಪ್ಪು ಪೆಟ್ಟಿಗೆ. ಅದರ ಪಕ್ಕದ ಕಿಂಡಿಯಲ್ಲಿ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಮೆಮರಿ ಕಾರ್ಡು. ಡ್ರಾಯಿಂಗುಗಳೆಲ್ಲ ಬಂದು ಬೀಳುತ್ತಿದ್ದದ್ದು ಅದರಲ್ಲಿ. ಯಾರೋ ಆಗಾಗ ಕಾರ್ಡು ಬದಲಾಯಿಸುತ್ತಿದ್ದಿರಬೇಕು.

ನನ್ನ ಕಣ್ಣು ನಿಂತದ್ದು ಅದರ ಮೇಲಲ್ಲ.

ಪೆಟ್ಟಿಗೆಯ ಮೇಲೆ ಒಂದು ಚೆಂಡುಹೂವು. ನಾಲ್ಕು ಕಾಳು ಅಕ್ಷತೆ. ವಿಭೂತಿ. ಹೂವು ಇನ್ನೂ ಬಾಡಿರಲಿಲ್ಲ.

ಇವತ್ತಿನ ದಿನ ಅನ್ನ ಕೊಡುವ ಸಾಮಾನು ಯಾವುದಿದ್ದರೂ ಅದಕ್ಕೆ ಕೈ ಮುಗಿಯದೆ ನಮ್ಮವರಿಗೆ ಗಂಟಲಲ್ಲಿ ನೀರು ಇಳಿಯುವುದಿಲ್ಲ. ದರ್ಜಿ ಕತ್ತರಿಗೆ ಮುಗಿಯುತ್ತಾನೆ, ಕಾರಕೂನ ಪೆನ್ನಿಗೆ. ಈ ಕಳ್ಳ ಕಳ್ಳತನದ ಪೆಟ್ಟಿಗೆಗೆ ಪೂಜೆ ಮಾಡಿದ್ದ! ಆರು ತಿಂಗಳು ಒಂದು ಗುರುತು ಬಿಡದವನು ಭಕ್ತಿಯಲ್ಲಿ ಸಿಕ್ಕಿಬಿದ್ದಿದ್ದ.

ವಿಭೂತಿ ಯಾವತ್ತೂ ಮೂರು ಬೆರಳಿನಲ್ಲಿ ಎಳೆದ ಮೂರು ಗೆರೆ. ಇಲ್ಲಿ ಎರಡೇ ಇದ್ದವು. ನಡುವಿನದು ಖಾಲಿ.

ಕೆಳಗೆ ಸ್ಟೋರಿನ ತಕ್ಕಡಿಯ ಮೇಲೆ ಟಾರ್ಚ್ ಬಿಟ್ಟೆ. ಅದರ ಮೇಲೂ ಎರಡೇ ಗೆರೆ. ಕಪಾಟಿನ ಮೇಲೆ, ಬಾಗಿಲಿನ ಮೇಲೆ... ಎರಡೇ.

"ಕಾಕಾ," ಅಂದೆ. ನನಗೆ ನಾನೇ.

ಆಗಲೇ ಏಣಿ ಕಾಲಿನ ಕೆಳಗಿಂದ ಸರಿಯಿತು!

ಎರಡೂ ಕೈಯಲ್ಲಿ ಆಂಗಲ್ ಹಿಡಿದೆ. ಸೊಂಟದ ತನಕ ಸೀಲಿಂಗಿನೊಳಗೆ. ಕಾಲು ಗಾಳಿಯಲ್ಲಿ. ಹೇಗೋ ಹೊಟ್ಟೆಯ ಮೇಲೆ ತೆವಳಿ ಆಂಗಲ್ ಮೇಲೆ ಬಿದ್ದುಕೊಂಡೆ. ಕೆಳಗೆ ತನಿಯಪ್ಪ ಇರಲಿಲ್ಲ. ಮಾಲೀಕರು ಆರತಿಗೆ ಕರೆಯುತ್ತಿದ್ದಾರೆ ಅಂತ ಅವನನ್ನು ಕಾಕಾ ಕಳಿಸಿದ್ದರಂತೆ. ಏಣಿ ಹಿಡಿದು ನಿಂತವರು ಅವರೇ. ಬಾಗಿಲ ಅಗುಳಿ ಹಾಕಿತ್ತು.

"ಇಂದವ್ವಾ, ಅದನ್ನ ಕೆಳಗ ಕೊಡು."

"ಏಣಿ ಇಡ್ರಿ ಕಾಕಾ."

"ಮೊದಲ ಡಬ್ಬಿ."

"ಯಾಕ ಮಾಡಿದ್ರಿ?"

ಅವರು ಬಲಗೈ ಎತ್ತಿ ತೋರಿಸಿದರು. "ಇದು ಹೋದಾಗ ಏನ್ ಕೊಟ್ರು ಗೊತ್ತದ ಏನು? ಒಂದ ಸ್ಟೂಲು! ಕುಂತು ನಟ್ಟು ಎಣಸು ಅಂದ್ರು. ಇಪ್ಪತ್ತೆರಡ ವರ್ಷ ಎಣಿಸೇನಿ. ರಾಂಜಣಗಾಂವದವ್ರು ಪಾರ್ಟ್ನರ್ ಮಾಡ್ಕೋತೇವಿ ಅಂದಾರ. ಎಸಿ ರಿಪೇರಿ ನೆವ ಮಾಡಿ ಅವ್ರ ಇಂಜಿನಿಯರ್‌ನ ನಾನೇ ಒಳಗ ಬಿಟ್ಟೆ. ಬೋರ್ಡಿನ ಮ್ಯಾಲೆ ನನ್ನ ಹೆಸರು ಬರ್ತದವಾ!"

"ಕಾಶಪ್ಪನ ಕೈ ವೈಸಿನಾಗಿತ್ತು!"

"ಕೂಲಿ ಮನಷ್ಯಾ. ಎರಡ ತಿಂಗಳಾಗ ಹೊರಗ ಬರ್ತಾನ. ನಾ ಹೋದ್ರ ಬರ್ತೀನೇನು?"

ಬೆರಳು ಕಳೆದುಕೊಂಡವನೇ ಇನ್ನೊಬ್ಬನ ಕೈಯನ್ನು ಹೀಗೆ ಅಗ್ಗ ಮಾಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಕೊಡೂದಿಲ್ಲ."

"ಹಂಗಾರ ಕೇಳು. ಸ್ವಿಚ್ಚಿನ ಪಾಸ್‌ವರ್ಡ್ ನಿಂದು. ನೀನೂ ಅವನೂ ಕೂಡೇ ಮಾಡೀರಿ ಅಂತೀನಿ. ಡಬ್ಬಿ ಮ್ಯಾಲಿನ ವಿಭೂತಿ ಹೋದ್ರ ನನ್ನ ಹೆಸರು ಹೇಳೋರು ಯಾರು?"

ಹೇಳುತ್ತಲೇ ಗೋಡೆಯಿಂದ ಏರ್ ಗನ್ ಎಳೆದರು. ಮಷೀನಿನ ಲೋಹದ ಚೂರು ಊದಿ ತೆಗೆಯುವ ಗಾಳಿ ಪೈಪು. ಮೇನ್ ಆಫ್ ಆದರೂ ಕಂಪ್ರೆಸರ್ ಟ್ಯಾಂಕಿನಲ್ಲಿ ಗಾಳಿ ತುಂಬಿರುತ್ತದೆ.

ಸ್ಸ್ಸ್ಸ್...!

ಸೀಲಿಂಗಿನ ಹತ್ತು ವರ್ಷದ ಧೂಳು ನನ್ನ ಕಣ್ಣಿಗೆ, ಮೂಗಿಗೆ! ಪೆಟ್ಟಿಗೆಗೆ ಬೆನ್ನು ಕೊಟ್ಟು ಬಾಗಿದೆ. ಕಾಶಪ್ಪನ ಇಡೀ ಜೀವ ಈಗ ಎರಡು ಗೆರೆ ಬೂದಿಯ ಮೇಲೆ ನಿಂತಿತ್ತು. ಒಂದು ಉಫ್ ಸಾಕು, ಹೋಗುತ್ತಿತ್ತು.

"ಅಕ್ಕಾರ..." ಕತ್ತಲಿನೊಳಗಿಂದ ದನಿ.

ಕಾಶಪ್ಪ! ಪಕ್ಕದ ಆಂಗಲ್ ತನಕ ತೆವಳಿ ಬಂದಿದ್ದ. ಅವನು ಮೇಲಿರುವುದು ಕಾಕಾಗೆ ಗೊತ್ತೇ ಇರಲಿಲ್ಲ.

ಕೇಬಲ್ ಕಿತ್ತೆ. ಕಾರ್ಡನ್ನು ಎಳೆದು ಕುಪ್ಪಸದೊಳಗೆ ತುರುಕಿದೆ. ಪೆಟ್ಟಿಗೆಯನ್ನು ಆರತಿ ತಟ್ಟೆ ದಾಟಿಸುವ ಹಾಗೆ ಮೆಲ್ಲಗೆ ಅವನ ಎಡಗೈಗೆ ದಾಟಿಸಿದೆ.

"ಮ್ಯಾಲೆ ಕೈ ಆಡಿಸಬ್ಯಾಡ! ಊದಬ್ಯಾಡ! ಸೀದಾ ಸಾಹೇಬರ ಹತ್ರ!"

ಟಕ್ ಟಕ್ ಟಕ್... ಕಾಶಪ್ಪ ಹೊರಟ. ಕಾಕಾ ಸದ್ದು ಕೇಳಿದರು. ಗಾಳಿ ನಿಂತಿತು. ಏಣಿ ಬಿಸಾಕಿ, ಅಗುಳಿ ತೆಗೆದು, ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಓಡಿದರು. ಆ ವಯಸ್ಸಿಗೆ ಏನು ಓಟ!

ನಾನು ಕಣ್ಣು ಮುಚ್ಚಿ ಕೆಳಗಿನ ರ‍್ಯಾಕಿನ ಮೇಲೆ ಹಾರಿದೆ. ರ‍್ಯಾಕು ಮಗುಚಿತು. ಬೇರಿಂಗುಗಳು ನೆಲದ ತುಂಬ ಉರುಳಿದವು. ಎಡಗಾಲಿನ ಗಿಣ್ಣು ಕಟಕ್ ಅಂತು. ನೋವು ಆಮೇಲೆ ನೋಡಿಕೊಂಡರಾಯಿತು. ಕುಂಟುತ್ತಾ ಓಡಿದೆ.

ಶಾಪ್ ಫ್ಲೋರಿನಲ್ಲಿ ಇನ್ನೂರು ಮಂದಿ. ದೊಡ್ಡ ಪ್ರೆಸ್ ಮಷೀನಿನ ಮುಂದೆ ಸ್ವಪ್ನಿಲ್ ಸಾಹೇಬರು, ಕೊರಳಲ್ಲಿ ಹಾರ, ಕೈಯಲ್ಲಿ ಆರತಿ ತಟ್ಟೆ. ಕಾಶಪ್ಪ ಮೂಲೆಯ ಕಂಬ ಹಿಡಿದು ಜಾರಿ ಇಳಿಯುತ್ತಿದ್ದ. ಒಂದೇ ಕೈಯಲ್ಲಿ, ಅದೂ ಆ ಜಜ್ಜಿದ ಕೈಯಲ್ಲಿ! ಇನ್ನೊಂದರಲ್ಲಿ ಪೆಟ್ಟಿಗೆ.

"ಹಿಡೀರಿ ಕಳ್ಳನ್ನ!" ಕಾಕಾ ಕೂಗಿದರು. "ಡಬ್ಬಿ ಅವನ ಕೈಯಾಗ ಅದ!"

ತನಿಯಪ್ಪ ಅಲ್ಲೇ ಬಿದ್ದಿದ್ದ ಕಬ್ಬಿಣದ ಪೈಪ್ ಎತ್ತಿದ.

"ತನಿಯಪ್ಪ, ಮುಟ್ಟಿದ್ರೆ ನಿನ್ನ ಕೈ ನಾನು ಮುರೀತೀನಿ!"

ನನ್ನ ಗಂಟಲಿನಲ್ಲಿ ಅಂಥ ದನಿ ಇದೆ ಅಂತ ನನಗೇ ಗೊತ್ತಿರಲಿಲ್ಲ. ತನಿಯಪ್ಪ ಒಂದು ಕ್ಷಣ ತಡೆದ. ಆ ಒಂದು ಕ್ಷಣ ಸಾಕಾಯಿತು. ಕಾಕಾ ಟವೆಲ್ ಚಾಚಿ ಮೇಲೆ ಬಿದ್ದರು. ಕಾಶಪ್ಪ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಹಿಡಿದ. ಬೆನ್ನಿಗೆ ಗುದ್ದು ಬಿತ್ತು, ಹೊಟ್ಟೆಗೆ ಬಿತ್ತು. ಕೈ ಮಾತ್ರ ಇಳಿಸಲಿಲ್ಲ.

"ಸಾಹೇಬ್! ಅದರ ಮೇಲಿನ ವಿಭೂತಿ ನೋಡಿ! ಆಮೇಲೆ ನಿಮ್ಮ ಸ್ಟೋರಿನ ಬಾಗಿಲು ನೋಡಿ!"

ಸ್ವಪ್ನಿಲ್ ಸಾಹೇಬರು ಆರತಿಯ ಬೆಳಕನ್ನು ಪೆಟ್ಟಿಗೆಯ ಹತ್ತಿರ ತಂದರು. ಎರಡು ಗೆರೆ. ತಿರುಗಿ ಸ್ಟೋರಿನ ಬಾಗಿಲು ನೋಡಿದರು. ಎರಡು ಗೆರೆ. ಕೊನೆಗೆ ನೋಡಿದ್ದು ಕಾಕಾನ ಬಲಗೈ.

ಇನ್ನೂರು ಮಂದಿಯ ಕಣ್ಣೂ ಆ ಕೈಗೆ ತಿರುಗಿತು.

ಕಾಕಾ ಟವೆಲಿನಲ್ಲಿ ಕೈ ಮುಚ್ಚಿಕೊಂಡರು. ಆಮೇಲೆ ಅಲ್ಲೇ ಕೂತುಬಿಟ್ಟರು.

ನನಗೆ ಗೆದ್ದೆ ಅನ್ನಿಸಲಿಲ್ಲ. ಚಿಕ್ಕವಳಿದ್ದಾಗ ನನಗೆ ಕಡ್ಲಿಪುರಿ ಕೊಡಿಸಿದ ಮನುಷ್ಯ ಅದು.

ಸಾಹೇಬರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಮೇಡಂ, ಇದು ಹೊರಗೆ ಹೋದ್ರೆ ನಮ್ಮ ಕಂಪನಿ ಹೆಸರು ಕೆಡುತ್ತೆ. ಕಾಕಾ ಅಪ್ಪನ ಕಾಲದವರು. ರಾಜೀನಾಮೆ ಬರೆಸ್ಕೋತೀನಿ. ಮನೆಯೊಳಗಿನ ಮಾತು ಮನೆಯೊಳಗೇ ಇರ್ಲಿ."

"ಕಾಶಪ್ಪನ ಕೈ?"

"ಅದಕ್ಕೇನು... ಪೇಢೆ ಕೊಟ್ಟು ಕಳಿಸೋಣ. ಅವರೆಲ್ಲ ಮರೀತಾರೆ."

ಕಾಶಪ್ಪ ಅಲ್ಲೇ ನಿಂತಿದ್ದ. ಆರು ವರ್ಷ ಪುಣೆಯಲ್ಲಿದ್ದವನಿಗೆ ಮರಾಠಿ ಬರುವುದಿಲ್ಲ ಅಂತ ಸಾಹೇಬರು ಅಂದುಕೊಂಡಿದ್ದರು!

ಹೊರಗೆ ಹಾರ್ನ್ ಆಯಿತು. ಜೀಪು. ಹನ್ನೆರಡೂವರೆಗೆ ಸರಿಯಾಗಿ.

ಸಬ್ ಇನ್ಸ್‌ಪೆಕ್ಟರ್ ಟೋಪಿ ಸರಿಮಾಡಿಕೊಳ್ಳುತ್ತಾ ಒಳಗೆ ಬಂದರು. "ಚೋರ ಕುಠಾಯ್?" ಕಳ್ಳ ಎಲ್ಲಿ ಅಂತ.

ಸಾಹೇಬರು ನಕ್ಕರು. "ಏನಿಲ್ಲ ಸಾಹೇಬ್, ತಪ್ಪು ತಿಳುವಳಿಕೆ ಆಗಿತ್ತು. ಹಬ್ಬ ಅಲ್ವಾ, ಚಹಾ ಕುಡೀರಿ..."

ಕಾಶಪ್ಪ ನನ್ನನ್ನು ನೋಡಿದ. ಹೇಳುವ ಹಕ್ಕು ಅವನದು. ಅವನು ಒಂದು ಹೆಜ್ಜೆ ಮುಂದೆ ಬಂದ. ಊದಿದ ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿದ.

"ಮಾಝೀ ತಕ್ರಾರ ಆಹೇ, ಸಾಹೇಬ್." ನನ್ನದೊಂದು ದೂರು ಇದೆ ಅಂತ. ಮರಾಠಿಯಲ್ಲೇ!

ಸಾಹೇಬರ ನಗು ಮುಖದ ಮೇಲೇ ಸತ್ತುಹೋಯಿತು. ಕಾಶಪ್ಪ ಒಬ್ಬೊಬ್ಬರ ಕಡೆಯೂ ಬೆರಳು ತೋರಿಸಿ ಹೇಳಿದ. ಕದ್ದವರು ಇವರು. ಹಿಡಿ ತಿರುವಿದವ ಇವನು. ತಿರುವು ಅಂದವರು ಇವರು. ನಾನು ಕಾರ್ಡು ತೆಗೆದು ಇನ್ಸ್‌ಪೆಕ್ಟರ್ ಕೈಗಿಟ್ಟೆ. ಪಾಸ್‌ವರ್ಡ್ ಬದಲಾಯಿಸದ ನನ್ನ ತಪ್ಪನ್ನೂ ಬರೆದುಕೊಳ್ಳಿ ಅಂದೆ. ಕೈಯ ಗಾಯ ಕಣ್ಣೆದುರಿಗಿತ್ತು, ಸುತ್ತ ಇನ್ನೂರು ಸಾಕ್ಷಿಗಳಿದ್ದರು. ಇನ್ಸ್‌ಪೆಕ್ಟರಿಗೆ ಚಹಾ ಕುಡಿಯುವ ದಾರಿಯೇ ಉಳಿದಿರಲಿಲ್ಲ.

ಜೀಪಿನ ಹಿಂದೆ ಸಿದ್ದಲಿಂಗಪ್ಪ ಕಾಕಾ ಹತ್ತಿದರು. ತನಿಯಪ್ಪ ಹತ್ತಿದ. ಅವರಿಬ್ಬರ ನಡುವೆ ರೇಷ್ಮೆ ಕುರ್ತಾ ಮುದುಡದ ಹಾಗೆ ಹಿಡಿದುಕೊಂಡು ಸ್ವಪ್ನಿಲ್ ಸಾಹೇಬರು ತೂರಿಕೊಂಡರು.

ಡ್ರೈವರ್ ಪಕ್ಕದ ಅಗಲವಾದ ಸೀಟಿನಲ್ಲಿ, ಗಾಳಿ ಬರುವ ಕಡೆ, ಕಾಶಪ್ಪ ಕೂತ!